ಫೋನಕ್ಕನ ನಲವತ್ತು ಸೆಕೆಂಡು

ಆಫೀಸಿನಲ್ಲಿ ಅವಳನ್ನು ಎಲ್ಲರೂ ಫೋನಕ್ಕ ಎಂದೇ ಕರೆಯುತ್ತಿದ್ದರು. ಹಾಸಿಗೆ ಅಂಗಡಿಯ ಮೇಲೆ, ಎರಡನೆಯ ಮಹಡಿಯಲ್ಲಿ, ಎಂಟು ಜನರ ಸಣ್ಣ ಕಂಪನಿ ಅದು. ಹೆರಿಗೆಗೆಂದು ರಜೆ ಹಾಕಿದ್ದ ಟೈಪಿಸ್ಟಿನ ಜಾಗಕ್ಕೆ ಆರು ವಾರದ ಮಟ್ಟಿಗೆ ಬಂದವಳು. ಟೈಪಿಸ್ಟು ವಾಪಸು ಬರಲಿಲ್ಲ, ಇವಳನ್ನು ಹೋಗು ಎಂದು ಯಾರೂ ಹೇಳಲಿಲ್ಲ. ಹಾಗೇ ಹತ್ತೊಂಬತ್ತು ವರ್ಷ ಉರುಳಿತು.

ಕಂಪನಿ ಮಾಡುತ್ತಿದ್ದದ್ದು ಒಂದೇ ವಸ್ತು, ಒಂದು ಸರ್ವರ್ ಸಾಫ್ಟ್‌ವೇರು. ಒಂದು ಕಡೆಯ ಕಂಪ್ಯೂಟರಿನಿಂದ ಇನ್ನೊಂದು ಕಡೆಗೆ ಸಂದೇಶ ಹೋಗುತ್ತಿರುವಾಗ ನಡುವೆ ಲೈನು ಕಡಿದುಹೋದರೆ ಅದು ಆ ಸಂದೇಶವನ್ನು ಕಳೆಯದೆ ಹಿಡಿದಿಟ್ಟುಕೊಂಡು, ಲೈನು ಬಂದಮೇಲೆ ದಾಟಿಸುತ್ತಿತ್ತು. ಲೈನು ನೆಟ್ಟಗಿರದ ಜಾಗಗಳಲ್ಲೆಲ್ಲ ಅದಕ್ಕೆ ಬೇಡಿಕೆ. ನದಿಯ ಎರಡು ದಡದ ದೋಣಿ ಟಿಕೆಟ್ ಕೌಂಟರುಗಳು, ರಕ್ತಪರೀಕ್ಷೆಯ ಲ್ಯಾಬುಗಳು, ಒಂದು ಕಲ್ಲುಗಣಿ, ಒಂದು ಕೋಲ್ಡ್ ಸ್ಟೋರೇಜು, ಹೀಗೆ ಎಂಬತ್ತಮೂರು ಗಿರಾಕಿಗಳು. ಇವರಲ್ಲಿ ಯಾರ ಕಡೆ ಏನು ಕೆಟ್ಟರೂ ಮೊದಲು ರಿಂಗಾಗುತ್ತಿದ್ದದ್ದು ಫೋನಕ್ಕನ ಮೇಜಿನ ಫೋನು.

ಮೊದಮೊದಲು ಅವಳ ಕೆಲಸ ಸುಲಭದ್ದಾಗಿತ್ತು. ಯಾರು, ಎಲ್ಲಿಂದ, ಏನಾಯಿತು ಎಂದು ಉದ್ದನೆಯ ನೋಟುಪುಸ್ತಕದಲ್ಲಿ ಬರೆದುಕೊಂಡು ಒಳಗೆ ದಾಟಿಸುವುದು. ಒಳಗೆ ಇದ್ದವನು ಗಡ್ಡದಣ್ಣ. ಆ ಸರ್ವರನ್ನು ಬಹುಪಾಲು ಒಬ್ಬನೇ ಬರೆದವನು. ಅವನಿಗೆ ಜನರ ಜೊತೆ ಮಾತೆಂದರೆ ಮೈಯೆಲ್ಲ ಮುಳ್ಳು. "ನೀವೇ ಕೇಳಿ, ನೀವೇ ಹೇಳಿ, ನನ್ನ ಹತ್ರ ಕೊಡ್ಬೇಡಿ" ಎಂದು ಫೋನಿನಿಂದ ಮಾರು ದೂರ ನಿಂತು ಕೈಯಾಡಿಸುತ್ತಿದ್ದ. ಕೇಳಿ ಕೇಳಿ, ಹೇಳಿ ಹೇಳಿ, ಅವಳಿಗೆ ಕಾಯಿಲೆಯೂ ಗೊತ್ತಾಯಿತು, ಮದ್ದೂ ಗೊತ್ತಾಯಿತು. ಒಂದು ಸಾಲು ಪ್ರೋಗ್ರಾಂ ಬರೆಯಲು ಬರದಿದ್ದರೂ, ಲೈನಿನ ಯಂತ್ರದ ಯಾವ ದೀಪ ಎಷ್ಟು ಸಲ ಮಿನುಗಿದರೆ ಏನರ್ಥ ಎಂಬುದು ಅವಳ ಬಾಯಲ್ಲೇ ಇತ್ತು.

ದಿನಕ್ಕೆ ನಲವತ್ತು, ಐವತ್ತು ಕರೆ. ಸಂಜೆಯ ಹೊತ್ತಿಗೆ ಎಡಕಿವಿ ಕಾದು ಕೆಂಪಾಗಿರುತ್ತಿತ್ತು. ಮನೆಯಲ್ಲಿ ಇದ್ದದ್ದು ಅವಳೂ ಅವಳ ಅತ್ತೆಯೂ. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಅತ್ತೆಗೆ ದಿನವೆಲ್ಲ ಕೂಡಿಟ್ಟ ಮಾತು, ಸೊಸೆಗೆ ಬಾಯಿ ತೆರೆಯಲೂ ಬೇಸರ. "ಊರವರಿಗೆಲ್ಲ ಜೇನು ಸುರಿಸಿ ಬರ್ತೀಯ, ನನಗೆ ಮಾತ್ರ ಹೂಂ, ಉಹೂಂ" ಎಂದು ಅತ್ತೆ ಮುಖ ಊದಿಸುತ್ತಿದ್ದರು. ಆಫೀಸಿನ ಮಾಲೀಕರನ್ನು ಎಲ್ಲರೂ ಯಜಮಾನರು ಅನ್ನುತ್ತಿದ್ದರು. ಒಮ್ಮೆ ಮನೆಯಲ್ಲಿ ಇವಳು ಎಂದಿನಂತೆ "ಇವತ್ತು ಯಜಮಾನರು ಬೈದರು" ಎಂದಾಗ ಅತ್ತೆ ಕೈಯಲ್ಲಿದ್ದ ಲೋಟ ಕೆಳಗಿಟ್ಟು, "ಕನಸಲ್ಲಿ ಬಂದಿದ್ನಾ?" ಎಂದು ಕೇಳಿದ್ದರು. ಅಂದಿನಿಂದ ಮನೆಯಲ್ಲಿ 'ಆಫೀಸಿನ ಯಜಮಾನರು' ಎಂದೇ ಹೇಳುವುದನ್ನು ರೂಢಿ ಮಾಡಿಕೊಂಡಳು.

ಯಜಮಾನರು ಕೆಟ್ಟವರಲ್ಲ. ಕೈ ಬಿಗಿಯಾದ ವರ್ಷಗಳಲ್ಲಿ ತಾವು ಸಂಬಳ ತೆಗೆದುಕೊಳ್ಳದೆ ಉಳಿದವರಿಗೆ ಕೊಟ್ಟವರು. ಅರವತ್ತನಾಲ್ಕು ದಾಟಿದ ಮೇಲೆ ಅವರಿಗೂ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿತ್ತು. ಒಂದು ಸೋಮವಾರ ಬೆಳಿಗ್ಗೆ ಎಲ್ಲರನ್ನೂ ಕರೆದು ನಿಲ್ಲಿಸಿಕೊಂಡು, ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದರ ಜೊತೆ ಮಾತುಕತೆ ಮುಗಿಯಿತು ಎಂದರು.

"ಮಾರಿಬಿಟ್ರಾ ಸಾರ್?" ಎಂದು ಪ್ರೋಗ್ರಾಮರೊಬ್ಬ ಕೇಳಿದ.

"ಮಾರಿಲ್ಲಪ್ಪ, ಬಳಸೋಕೆ ಲೈಸೆನ್ಸ್ ಕೊಡ್ತಿದೀವಿ. ವಸ್ತು ನಮ್ದೇ. ಅವರ ದೊಡ್ಡ ಸಾಫ್ಟ್‌ವೇರಿನ ಹೊಟ್ಟೆಯೊಳಗೆ ನಮ್ಮ ಸರ್ವರ್ ಕೂತಿರುತ್ತೆ. ಹೊರಗೆ ಅವರ ಹೆಸರಿರುತ್ತೆ, ಅಷ್ಟೆ."

"ಹಾಗಾದ್ರೆ ನಾವು ಯಾರಿಗೂ ಕಾಣಿಸಲ್ಲ."

"ಇಷ್ಟು ದಿನ ಯಾರಿಗೆ ಕಾಣಿಸ್ತಿದ್ವಿ ಹೇಳು" ಎಂದು ಯಜಮಾನರು ನಕ್ಕರು. ಉಳಿದವರೂ ನಕ್ಕರು. ಫೋನಕ್ಕ ನಗುವಷ್ಟರಲ್ಲಿ ಫೋನು ರಿಂಗಾಯಿತು.

ಸಹಿ ಬೀಳುವ ಮೊದಲು ಪೂರೈಸಬೇಕೆಂದು ಲೈಸೆನ್ಸ್ ಪತ್ರದಲ್ಲಿ ಒಂದು ಷರತ್ತಿತ್ತು. ಸರ್ವರಿನ ಪ್ರೋಗ್ರಾಮಿನಲ್ಲಿ ಯಾವುದು ಯಾಕೆ ಹಾಗಿದೆ ಎಂದು ತಿಳಿಯದ ಜಾಗಗಳಿಗೆಲ್ಲ ಆರು ವಾರದೊಳಗೆ ಕಾರಣ ಬರೆದುಕೊಡಬೇಕು. ಕಾರಣ ಇಲ್ಲದ್ದನ್ನು ಅವರು ತೆಗೆದುಹಾಕಬಹುದು. ದೊಡ್ಡ ಕಂಪನಿಯ ಎಂಜಿನಿಯರುಗಳು ಕೂತು ಸೋಸಿ ಸೋಸಿ ಪಟ್ಟಿ ಕಳಿಸಿದರು. ಇನ್ನೂರ ಹನ್ನೆರಡು ಪ್ರಶ್ನೆ.

ಉತ್ತರ ಹೇಳಬೇಕಾದ ಗಡ್ಡದಣ್ಣ ಆಫೀಸು ಬಿಟ್ಟು ಆಗಲೇ ನಾಲ್ಕು ವರ್ಷ. ಎಲ್ಲವನ್ನೂ ಮೊದಲಿನಿಂದ ಬರೆಯೋಣ ಎಂದು ಅವನು, ನಡೆಯುತ್ತಿರುವುದನ್ನು ಕೆಡಿಸಬೇಡ ಎಂದು ಯಜಮಾನರು, ಹೀಗೆ ಮಾತಿಗೆ ಮಾತು ಬೆಳೆದು ಒಂದು ಮಧ್ಯಾಹ್ನ ಚೀಲ ಹೆಗಲಿಗೇರಿಸಿಕೊಂಡು ಹೋಗಿಬಿಟ್ಟಿದ್ದ. ಈಗ ಭಾವನ ಸೈಕಲ್ ಅಂಗಡಿಯಲ್ಲಿ ಸೈಕಲ್ ರಿಪೇರಿ ಮಾಡಿಕೊಂಡಿದ್ದ. ಹಾಗಾಗಿ ಪಟ್ಟಿ ಇಬ್ಬರು ಪ್ರೋಗ್ರಾಮರುಗಳ ಕೈಗೆ ಬಂತು. ಅವರು ಎರಡು ದಿನ ತಲೆ ಕೆರೆದುಕೊಂಡು ಮೂರನೆಯ ದಿನ ಫೋನಕ್ಕನ ಮೇಜಿನ ಮುಂದೆ ಬಂದು ನಿಂತರು. ಇಬ್ಬರಿಗೂ ನಗು ತಡೆಯಲಾಗುತ್ತಿರಲಿಲ್ಲ.

ಗಡ್ಡದಣ್ಣ ಪ್ರೋಗ್ರಾಮಿನ ನಡುವೆ ಒಂಬತ್ತು ಕಡೆ 'ಯಾಕೆ ಅಂತ ಫೋನಕ್ಕನ್ನ ಕೇಳಿ' ಎಂದು ಬರೆದಿಟ್ಟಿದ್ದ. ದೊಡ್ಡ ಕಂಪನಿಯವರು ಪಟ್ಟಿಯಲ್ಲಿ ಅದಕ್ಕೂ ಪ್ರಶ್ನೆ ಹಾಕಿದ್ದರು: 'ಫೋನಕ್ಕ ಎಂಬುದು ಯಾವ ದಾಖಲೆ? ಅದರ ಪ್ರತಿಯನ್ನು ಕೂಡಲೇ ಕಳಿಸಿ.'

"ಹೋಗ್ತೀರಾ ಅಕ್ಕ, ಪ್ಯಾಕ್ ಮಾಡಿ ಕಳಿಸ್ಲಾ?" ಎಂದ ಒಬ್ಬ.

ಅವಳಿಗೂ ನಗು ಬಂತು. ಆದರೆ ಆ ನಗು ಬಹಳ ಹೊತ್ತು ನಿಲ್ಲಲಿಲ್ಲ. ಮಾರನೆಯ ದಿನದಿಂದ ಬೆಳಿಗ್ಗೆ ಫೋನು, ಮಧ್ಯಾಹ್ನ ಊಟವಾದ ಮೇಲೆ ಹಿಂದಿನ ಕಿರುಕೋಣೆಯಲ್ಲಿ ಪಟ್ಟಿ. ಆ ಕೋಣೆಯ ಕಿಟಕಿ ಹಾಸಿಗೆ ಅಂಗಡಿಯ ಗೋದಾಮಿನ ಕಡೆಗೆ ತೆರೆಯುತ್ತಿತ್ತು. ಹತ್ತಿಯ ದೂಳಿಗೆ ಗಂಟಲು ಕಟ್ಟುತ್ತಿತ್ತು. ಫ್ಯಾನು ಹಾಕಿದರೆ ಕಾಗದ ಹಾರುತ್ತವೆ, ಹಾಕದಿದ್ದರೆ ಬೆವರು. ಬೀರುವಿನಿಂದ ಹಳೆಯ ನೋಟುಪುಸ್ತಕಗಳನ್ನು ಇಳಿಸಿಕೊಂಡು, ತಾರೀಖು ಹುಡುಕಿ, ನೆನಪು ಕೆದಕಿ, ಅವಳು ಹೇಳುವುದು, ಪ್ರೋಗ್ರಾಮರುಗಳು ಬರೆದುಕೊಳ್ಳುವುದು.

ಕಂಪ್ಯೂಟರಿನ ಗಡಿಯಾರ ಹತ್ತು ವರ್ಷ ಹಿಂದಿದ್ದರೆ ಸರ್ವರ್ ಶುರುವೇ ಆಗುವುದಿಲ್ಲ, ಯಾಕೆ? ಕಲ್ಲುಗಣಿಯ ಕಂಪ್ಯೂಟರಿನ ಬ್ಯಾಟರಿ ಸತ್ತು, ಅಲ್ಲಿಂದ ಹೊರಟ ಲಾರಿಗಳೆಲ್ಲ ಹಳೆಯ ವರ್ಷದಲ್ಲಿ ಹೊರಟಂತೆ ದಾಖಲಾಗಿದ್ದವು, ಅದಕ್ಕೆ. ಏನೋ ತಪ್ಪಾಗಿದೆ ಎಂದು ತೋರಿಸುವ ಒಂದು ಸಂದೇಶದ ಕೊನೆಗೆ 'ಹೆದರಬೇಡಿ, ಏನೂ ಕಳೆದುಹೋಗಿಲ್ಲ' ಎಂದು ಬರುತ್ತದೆ, ಯಾಕೆ? ಲ್ಯಾಬಿನ ಹೊಸ ಹುಡುಗಿಯೊಬ್ಬಳು ಕೆಂಪಕ್ಷರ ಕಂಡು, ಎಲ್ಲರ ರಕ್ತದ ರಿಪೋರ್ಟು ತನ್ನಿಂದಲೇ ಹಾಳಾಯಿತೆಂದು ಅತ್ತು ಕೆಲಸ ಬಿಡಲು ಹೊರಟಿದ್ದಳು, ಅದಕ್ಕೆ. ಈ ಎರಡನೆಯ ಉತ್ತರಕ್ಕೆ ದೊಡ್ಡ ಕಂಪನಿಯಿಂದ ಎರಡೇ ದಿನದಲ್ಲಿ ಮರುಪತ್ರ ಬಂತು: ಆ ಸಾಲನ್ನು ತೆಗೆದು 'ನಿರ್ವಾಹಕರನ್ನು ಸಂಪರ್ಕಿಸಿ' ಎಂದು ಹಾಕುತ್ತೇವೆ. ಫೋನಕ್ಕ ಓದಿ, "ಆಗ್ಲಿ, ಅವರಿಷ್ಟ" ಎಂದು ಮುಂದಿನ ಪ್ರಶ್ನೆಗೆ ಹೋದಳು. ವಾದ ಮಾಡಲು ಮೈಯಲ್ಲಿ ಕಸುವಿರಲಿಲ್ಲ.

ಕೆಲವಕ್ಕೆ ಉತ್ತರ ಎಲ್ಲೂ ಸಿಗದೆ ಗಡ್ಡದಣ್ಣನಿಗೇ ಫೋನು ಮಾಡಿದಳು. ಅತ್ತ ಕಡೆಯಿಂದ ಸುತ್ತಿಗೆಯ ಸದ್ದು ಕೇಳುತ್ತಿತ್ತು.

"ಅದೆಲ್ಲ ನಾನು ಬರೆದದ್ದಾ?" ಎಂದ ಅವನು. "ಏನೂ ನೆನಪಿಲ್ಲ ಅಕ್ಕ. ಬಿಟ್ಟ ದಿನವೇ ತಲೆಯಿಂದ ಕೆಳಗಿಳಿಸಿಬಿಟ್ಟೆ. ಈಗ ತಲೆ ಇಟ್ಟರೆ ನಿದ್ದೆ."

"ಪುಣ್ಯವಂತ ಕಣಪ್ಪ ನೀನು" ಎಂದು ಫೋನಿಟ್ಟಳು. ಅವಳು ಕುಹಕಕ್ಕೆ ಹೇಳಿದ್ದಲ್ಲ.

ಐದನೆಯ ವಾರದ ಹೊತ್ತಿಗೆ ಪಟ್ಟಿ ಕರಗಿ ಕರಗಿ ಒಂದೇ ಒಂದು ಪ್ರಶ್ನೆ ಉಳಿಯಿತು. ಲೈನು ಕಡಿದುಹೋಗಿ ವಾಪಸು ಬಂದ ಕೂಡಲೇ ಸರ್ವರ್ ಸಂದೇಶ ಕಳಿಸುವುದಿಲ್ಲ. ನಲವತ್ತು ಸೆಕೆಂಡು ಸುಮ್ಮನೆ ಕಾಯುತ್ತದೆ. ಯಾಕೆ? ನಲವತ್ತೇ ಯಾಕೆ? ಫೋನಕ್ಕ ಕಾರಣ ಬರೆಸಿ ಕಳಿಸಿದ್ದಳು. ಅವರಿಗೆ ನಂಬಿಕೆ ಬರಲಿಲ್ಲವೋ, ಅರ್ಥವಾಗಲಿಲ್ಲವೋ, ತಮ್ಮ ಎಂಜಿನಿಯರೊಬ್ಬಳನ್ನೇ ಕಳಿಸಿಕೊಟ್ಟರು. ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗಿ. ದಪ್ಪ ಕನ್ನಡಕ, ಕೈಯಲ್ಲಿ ನೀರಿನ ಬಾಟಲಿ. ಕಿರುಕೋಣೆಗೆ ಬಂದವಳೇ ಎರಡು ಸಲ ಸೀನಿದಳು.

"ಗಿರಾಕಿ ಬೆಂಬಲ ವಿಭಾಗದವರ ಜೊತೆ ಮಾತಾಡಬೇಕಿತ್ತು. ಒಟ್ಟು ಎಷ್ಟು ಜನ ಇದೀರಿ ಮೇಡಂ?"

"ಒಬ್ಬಳೇ" ಎಂದಳು ಫೋನಕ್ಕ. "ನಾನು ಊಟಕ್ಕೆ ಹೋದ್ರೆ ವಿಭಾಗವೂ ಊಟಕ್ಕೆ ಹೋಗುತ್ತೆ."

ಹುಡುಗಿ ನಕ್ಕಳು. ಆಮೇಲೆ ಕುರ್ಚಿ ಎಳೆದುಕೊಂಡು, "ಹೇಳಿ ಅಕ್ಕ" ಎಂದಳು.

ಫೋನಕ್ಕ ಹೇಳಿದಳು. ಹದಿನಾರು ವರ್ಷದ ಹಿಂದೆ ದೋಣಿ ಕೌಂಟರಿನ ಗುಮಾಸ್ತರು ಒಂದು ಮಧ್ಯಾಹ್ನ ಅಳುವ ದನಿಯಲ್ಲಿ ಫೋನು ಮಾಡಿದ್ದರು. ಕಂಪ್ಯೂಟರು ದೋಣಿ ಭರ್ತಿ ಅನ್ನುತ್ತದೆ, ಕಣ್ಣಿಗೆ ಅರ್ಧ ದೋಣಿ ಖಾಲಿ ಕಾಣುತ್ತದೆ. ದಡದಲ್ಲಿ ನಿಂತ ಜನ ಕೌಂಟರಿನ ಗಾಜು ಬಡಿಯುತ್ತಿದ್ದಾರೆ. ಆದದ್ದೇನೆಂದರೆ, ಅಲ್ಲಿಯ ಲೈನು ಬಂದ ಹಾಗೆ ಮಾಡಿ ಮತ್ತೆ ಹೋಗುತ್ತಿತ್ತು. ಸರ್ವರ್ ಟಿಕೆಟ್ಟಿನ ಸಂದೇಶ ಕಳಿಸುವುದು, ತಲುಪಿತು ಎಂಬ ಉತ್ತರ ಬರುವ ಮೊದಲೇ ಲೈನು ಹೋಗುವುದು, ಬಂದಮೇಲೆ ಅದೇ ಸಂದೇಶವನ್ನು ಮತ್ತೆ ಕಳಿಸುವುದು. ಒಬ್ಬ ಪ್ರಯಾಣಿಕ ಇಬ್ಬರಾಗುತ್ತಿದ್ದ.

"ಲೈನು ನೆಲೆ ನಿಲ್ಲೋಕೆ ಎಷ್ಟು ಹೊತ್ತು ಬೇಕು ಅಂತ ಗೊತ್ತಾಗ್ಬೇಕಿತ್ತು. ಗುಮಾಸ್ತರಿಗೆ ಲೈನಿನ ಯಂತ್ರದ ದೀಪ ನೋಡ್ತಾ ಕೂತ್ಕೊಳ್ಳಿ ಅಂದೆ. ಅವರು ಫೋನಲ್ಲಿ ಹಸಿರು ಬಂತು, ಹೋಯ್ತು, ಬಂತು ಅಂತ ಹೇಳ್ತಾ ಹೋದ್ರು. ನಾನು ಇಲ್ಲಿ ಗೋಡೆ ಗಡಿಯಾರ ನೋಡ್ತಾ ಎಣಿಸ್ದೆ. ಹನ್ನೊಂದು ಸಲ. ಎಲ್ಲಕ್ಕಿಂತ ಜಾಸ್ತಿ ಅಂದ್ರೆ ಮೂವತ್ತೆಂಟು ಸೆಕೆಂಡು. ಗಡ್ಡದಣ್ಣನಿಗೆ ಹೇಳ್ದೆ. ನಲವತ್ತು ಹಾಕಿಬಿಡೋಣ ಅಂದ."

ಹುಡುಗಿ ಬರೆಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದಳು. "ನೀವು ಎಣಿಸಿದ್ದಾ?"

"ಇನ್ಯಾರಿದ್ರು ಇಲ್ಲಿ?"

ಹುಡುಗಿ ಮೂರು ದಿನ ಅಲ್ಲೇ ಉಳಿದಳು. ಎಂಬತ್ತಮೂರು ಗಿರಾಕಿಗಳ ಒಂದು ತಿಂಗಳ ದಾಖಲೆ ತರಿಸಿಕೊಂಡಳು. ಗಡ್ಡದಣ್ಣನ ಪ್ರೋಗ್ರಾಮನ್ನು ಅಕ್ಕಿಯಲ್ಲಿ ಕಲ್ಲು ಆರಿಸುವವಳ ಹಾಗೆ ಸಾಲುಸಾಲಾಗಿ ಓದಿದಳು. ಮೂರನೆಯ ದಿನ ಮಧ್ಯಾಹ್ನ ಫೋನಕ್ಕನ ಮೇಜಿನ ಹತ್ತಿರ ಬಂದು, ಕರೆ ಮುಗಿಯುವವರೆಗೆ ನಿಂತು, "ಒಳಗೆ ಬರ್ತೀರಾ ಅಕ್ಕ?" ಎಂದಳು. ಮುಖ ನೋಡಿದ ಕೂಡಲೇ ಫೋನಕ್ಕನಿಗೆ ಏನೋ ಎಡವಟ್ಟಾಗಿದೆ ಎನ್ನಿಸಿತು.

"ನೀವು ಹೇಳಿದ್ದೆಲ್ಲ ನಿಜ" ಎಂದು ಹುಡುಗಿ ಶುರುಮಾಡಿದಳು. "ಆದ್ರೆ ಅದಾದ ಮುಂದಿನ ವರ್ಷಾನೇ ಗಡ್ಡದಣ್ಣ ಅವರು ಪ್ರತಿ ಸಂದೇಶಕ್ಕೂ ಒಂದು ನಂಬರ್ ಕೊಡೋ ಹಾಗೆ ಮಾಡಿದಾರೆ. ಒಂದೇ ನಂಬರಿನ ಸಂದೇಶ ಎರಡು ಸಲ ಬಂದ್ರೆ ಎರಡನೆಯದನ್ನ ಆ ಕಡೆಯ ಸರ್ವರೇ ಬಿಸಾಡುತ್ತೆ. ಅಲ್ಲಿಗೆ ಕಾಯೋ ಕೆಲಸಾನೇ ಮುಗೀತು. ಆ ನಲವತ್ತು ಸೆಕೆಂಡು ತೆಗೆಯೋಕೆ ಅವರು ಮರೆತಿದಾರೆ."

ಫೋನಕ್ಕನಿಗೆ ಮೊದಲು ಮಾತು ತಲೆಗೆ ಹೋಗಲಿಲ್ಲ. "ಮುಂದಿನ ವರ್ಷ ಅಂದ್ರೆ..."

"ಹದಿನೈದು ವರ್ಷ ಆಯ್ತು ಅಕ್ಕ. ಈಗ ದೋಣಿ ಕೌಂಟರಿನಲ್ಲೂ ಹೊಸ ಲೈನಿದೆ, ಎರಡು ಸೆಕೆಂಡಿಗೆ ನಿಲ್ಲುತ್ತೆ. ಎಲ್ಲ ಗಿರಾಕಿಗಳದ್ದೂ ಸೇರಿ ಸುಮ್ಮನೆ ಕಾದದ್ದು ಎಷ್ಟಾಗುತ್ತೆ ಅಂದ್ರೆ..." ಎಂದು ಹುಡುಗಿ ಪೆನ್ನು ತೆಗೆದಳು.

"ಬೇಡಮ್ಮ" ಎಂದಳು ಫೋನಕ್ಕ. "ಆ ಲೆಕ್ಕ ಮಾಡ್ಬೇಡ."

ಹುಡುಗಿ ಪೆನ್ನು ಕೆಳಗಿಟ್ಟಳು.

ದಿನಕ್ಕೆ ಹತ್ತು ಹದಿನೈದು ಸಲವಾದರೂ ಅವಳ ಬಾಯಿಂದ ಹೊರಡುತ್ತಿದ್ದ ಮಾತು ಅದು: "ಲೈನು ಬಂತಾ? ಸರಿ, ನಲವತ್ತು ಸೆಕೆಂಡು ಕಾಯಿರಿ, ಹೋಗುತ್ತೆ." ಹಾಗೆಂದು ಫೋನಿಡುತ್ತಿರಲಿಲ್ಲ, ಹೋಯಿತು ಎಂಬುದನ್ನು ಕೇಳಿಸಿಕೊಂಡೇ ಇಡುವುದು ಅವಳ ಪದ್ಧತಿ. ಆ ನಡುವೆ ಸುಮ್ಮನಿರಲಾಗದೆ ಜನ ಏನಾದರೂ ಹೇಳುತ್ತಿದ್ದರು. ದೋಣಿಯ ಗುಮಾಸ್ತರು ಮಗಳಿಗೆ ಗಂಡು ನೋಡಿದ್ದು, ಅದು ಮುರಿದದ್ದು, ಇನ್ನೊಂದು ಕೂಡಿಬಂದದ್ದು ಎಲ್ಲ ತಿಳಿದದ್ದು ಆ ನಲವತ್ತು ಸೆಕೆಂಡಿನ ಕಂತುಗಳಲ್ಲಿ. ಗಂಡ ಹೋದಾಗ ಹನ್ನೆರಡು ದಿನ ರಜೆ ಹಾಕಿ ಬಂದವಳಿಗೆ ಕೋಲ್ಡ್ ಸ್ಟೋರೇಜಿನ ಮ್ಯಾನೇಜರು, ಎಷ್ಟೋ ಹೊತ್ತು ತಡವರಿಸಿ, "ಊಟ ಮಾಡ್ತಿದೀರಾ?" ಎಂದು ಕೇಳಿದ್ದೂ ಆಗಲೇ. ಇದನ್ನೆಲ್ಲ ಹುಡುಗಿಗೆ ಹೇಳಬೇಕು ಅನ್ನಿಸಿತು. ಹೇಳಿದರೆ ಪಟ್ಟಿಯಲ್ಲಿ ಯಾವ ಕಡೆ ಬರೆದುಕೊಳ್ಳುತ್ತಾಳೆ ಪಾಪ, ಎಂದುಕೊಂಡು ಬಿಟ್ಟುಬಿಟ್ಟಳು.

"ತೆಗೆದುಬಿಡಿ" ಎಂದಳು. "ಬೇಡದ್ದು ಯಾಕಿರ್ಬೇಕು."

"ನಿಮಗೆ ಬೇಜಾರಾಯ್ತಾ ಅಕ್ಕ?"

"ಇಲ್ಲಮ್ಮ. ಕಾಲು ನೋಯ್ತಿದೆ, ಸ್ವಲ್ಪ ಇಲ್ಲೇ ಕೂತಿರ್ತೀನಿ."

ಹೊರಗೆ ಫೋನು ರಿಂಗಾಗುತ್ತಿತ್ತು. ಹುಡುಗಿ ಎದ್ದು ಹೋಗಿ ತಾನೇ ಎತ್ತಿದಳು. ಎರಡು ನಿಮಿಷ ಬಿಟ್ಟು ವಾಪಸು ಬಂದು, "ಅವರಿಗೆ ನೀವೇ ಬೇಕಂತೆ" ಎಂದಳು. ಫೋನಕ್ಕ ಎದ್ದಳು.

ಆ ಸಂಜೆ ಗಡ್ಡದಣ್ಣನಿಗೆ ವಿಷಯ ಹೇಳಿದಾಗ ಅವನು ನಕ್ಕು ನಕ್ಕು ಕೆಮ್ಮು ಹಿಡಿಸಿಕೊಂಡ. "ಅಯ್ಯೋ, ಮರೆತೇಬಿಟ್ಟಿದ್ದೆ ನೋಡಿ! ಆಮೇಲೆ ತೆಗೆಯೋಣ ಅಂದ್ಕೊಂಡಿದ್ದೆ." ಅವನ ಮೇಲೆ ರೇಗಬೇಕು ಎಂದುಕೊಂಡೇ ಫೋನು ಮಾಡಿದ್ದಳು. ರೇಗಲಾಗಲಿಲ್ಲ. "ಅಕ್ಕ, ಬೈದ್ಬಿಡಿ ಒಂದ್ಸಲ, ನನಗೂ ಸಮಾಧಾನ ಆಗುತ್ತೆ" ಎಂದ ಕೊನೆಗೆ. "ಇವತ್ತು ಆಗಲ್ಲ, ಇನ್ನೊಂದಿನ ಬೈತೀನಿ" ಎಂದಳು.

ಲೈಸೆನ್ಸ್ ಪತ್ರಕ್ಕೆ ಸಹಿ ಬಿತ್ತು. ಯಜಮಾನರು ಎಲ್ಲರ ಕೆಲಸ ಉಳಿಸಿಕೊಂಡಿದ್ದರು. ಅದಕ್ಕಾಗಿ ಹಟ ಹಿಡಿದು ಎರಡು ಸಭೆಯಿಂದ ಎದ್ದು ಬಂದಿದ್ದರಂತೆ. ಆದರೆ ಗಿರಾಕಿಗಳ ಕರೆಗಳೆಲ್ಲ ಇನ್ನು ದೊಡ್ಡ ಕಂಪನಿಯ ಸಹಾಯಕೇಂದ್ರಕ್ಕೆ ಹೋಗಬೇಕು. ಅಲ್ಲಿಯವರಿಗೆ ಬಗೆಹರಿಯದ್ದು ಮಾತ್ರ ಬರಹದಲ್ಲಿ ಇಲ್ಲಿಗೆ ಬರುತ್ತದೆ, ಬರಹದಲ್ಲೇ ಉತ್ತರ ಹೋಗಬೇಕು. ಇಲ್ಲಿಯ ಫೋನು ತಿಂಗಳ ಕೊನೆಗೆ ಬಂದ್.

"ನಿನ್ನ ಕಿವಿಗೂ ವಿಶ್ರಾಂತಿ ಆಗುತ್ತಲ್ಲಮ್ಮ" ಎಂದು ಯಜಮಾನರು ಅವಳ ಮುಖ ನೋಡದೆ ಹೇಳಿದರು. "ಹೊಸ ನಂಬರನ್ನ ಎಲ್ಲರಿಗೂ ನೀನೇ ಹೇಳಿಬಿಡು. ಬೇರೆಯವರು ಹೇಳಿದ್ರೆ ಚೆನ್ನಾಗಿರಲ್ಲ."

ಎಂಬತ್ತಮೂರು ಕರೆಗಳನ್ನು ಅವಳು ನಾಲ್ಕು ದಿನಕ್ಕೆ ಹಂಚಿಕೊಂಡಳು. ಗಂಟಲು ಹಿಡಿಯಬಹುದೆಂದು ಬಿಸಿನೀರಿನ ಫ್ಲಾಸ್ಕು ತಂದಿಟ್ಟುಕೊಂಡಿದ್ದಳು. ಅಷ್ಟೇನೂ ಬೇಕಾಗಲಿಲ್ಲ. ಬಹಳ ಕಡೆ ಹೊಸ ಜನ ಬಂದಿದ್ದರು. "ಸರಿ ಮೇಡಂ, ನಂಬರ್ ಹೇಳಿ" ಎಂದು ಬರೆದುಕೊಂಡು ಇಟ್ಟರು. ದೋಣಿ ಕೌಂಟರಿನಲ್ಲೂ ಹಳೆಯ ಗುಮಾಸ್ತರು ನಿವೃತ್ತರಾಗಿ ವರ್ಷಗಳಾಗಿದ್ದವು. ಹೊಸಬ ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ. ಕೋಲ್ಡ್ ಸ್ಟೋರೇಜಿನ ಮ್ಯಾನೇಜರು ಮಾತ್ರ ನಂಬರನ್ನು ಎರಡು ಸಲ ಓದಿ ಒಪ್ಪಿಸಿ, "ಅಲ್ಲಿ ನೀವು ಸಿಗ್ತೀರಾ?" ಎಂದು ಕೇಳಿದರು.

"ನಾನು ಸಿಗಲ್ಲ ಸಾರ್. ನಂದಿನ್ನು ಬರೆಯೋ ಕೆಲಸ."

"ಬರೆಯೋದಾ?" ಎಂದರು ಅವರು. "ಸರಿ. ಏನೋ ಒಂದು, ಚೆನ್ನಾಗಿರಿ."

ನಾಲ್ಕನೆಯ ದಿನ ಮೂರು ಗಂಟೆಗೇ ಪಟ್ಟಿ ಮುಗಿಯಿತು. ಟೆಲಿಫೋನಿನವರು ಬಂದು ವೈರು ಬಿಚ್ಚಿಕೊಂಡು ಹೋದರು. ಮೇಜಿನ ಮೇಲೆ ಫೋನಿದ್ದ ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು. ಅವಳು ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಲ್ಲಿ ಕಾಗದದ ಟ್ರೇ ಇಟ್ಟಳು.

ಬರೆಯುವ ಕೆಲಸ ಮುಂದಿನ ವಾರ ಶುರುವಾಯಿತು. ದಿನಕ್ಕೆ ಮೂರೋ ನಾಲ್ಕೋ ಪ್ರಶ್ನೆ. ಮೊದಲನೆಯದಕ್ಕೆ ಅವಳು ಒಂದೂವರೆ ಪುಟ ಬರೆದಳು. ಅದು ಹಿಂದಕ್ಕೆ ಬಂತು: ಐದು ಸಾಲು ಮೀರಬಾರದು. ಐದು ಸಾಲಿಗೆ ಇಳಿಸಲು ಇಡೀ ಬೆಳಿಗ್ಗೆ ಹಿಡಿಯಿತು. ಹುಡುಗಿ ದೂರದಿಂದಲೇ ಎರಡು ಸಲ ತಿದ್ದಿಕೊಟ್ಟಳು. ತಿದ್ದುವಾಗಲೆಲ್ಲ ಕೊನೆಯಲ್ಲಿ 'ಕ್ಷಮಿಸಿ ಅಕ್ಕ' ಎಂದು ಬರೆಯುತ್ತಿದ್ದಳು. ತಿಂಗಳೊಪ್ಪತ್ತಿನಲ್ಲಿ ಕೈ ಪಳಗಿತು. ಪ್ರಶ್ನೆ ಕೇಳಿದವರು ಗಂಡೋ ಹೆಣ್ಣೋ, ಹೆದರಿದ್ದಾರೋ ರೇಗಿದ್ದಾರೋ, ಒಂದೂ ತಿಳಿಯುತ್ತಿರಲಿಲ್ಲ. ತಿಳಿಯದಿದ್ದರೂ ಉತ್ತರ ಬರೆಯಬಹುದಿತ್ತು. ಬೇರೆ ಕಡೆ ಕೆಲಸ ಹುಡುಕುವ ಯೋಚನೆ ಒಂದೆರಡು ಸಲ ಬಂದು ಹೋಯಿತು. ಐವತ್ತೊಂದರ ವಯಸ್ಸಿಗೆ ಇನ್ನೊಂದು ಆಫೀಸಿನ ಮೆಟ್ಟಿಲು ಹತ್ತಲು ಮನಸ್ಸಾಗಲಿಲ್ಲ.

ಒಂದು ಸಂಜೆ ಐದೂವರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕೂತವಳೇ ಕಣ್ಣು ಮುಚ್ಚಿದಳು. ಎಚ್ಚರವಾದಾಗ ತನ್ನ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಬಂದಾಗಿತ್ತು. ಇಳಿದು, ಬಿಸಿಲು ಇನ್ನೂ ಪೂರ್ತಿ ಇಳಿಯದ ರಸ್ತೆಯಲ್ಲಿ ನಿಧಾನಕ್ಕೆ ನಡೆದು ಮನೆ ಸೇರಿದಳು. ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಯಾಕೆ ತಡ? ಫೋನು ಇಲ್ವಲ್ಲ ಈಗ, ಯಾರ ಹತ್ರ ಮಾತಾಡ್ತಾ ಕೂತಿದ್ದೆ?"

"ಬಸ್ಸಲ್ಲಿ ನಿದ್ದೆ ಹತ್ಬಿಡ್ತು ಅತ್ತೆ. ಆಸ್ಪತ್ರೆ ಸ್ಟಾಪಿನವರೆಗೂ ಹೋಗ್ಬಿಟ್ಟಿದ್ದೆ."

"ಅಷ್ಟು ದೂರಾನಾ? ಕಂಡಕ್ಟರು ಏನೂ ಅನ್ಲಿಲ್ವಾ?"

"ಇಲ್ಲ. ಅವನೇ ಎಬ್ಬಿಸ್ದ."

ಅತ್ತೆ ಅವಳ ಕೈಯಿಂದ ಚೀಲ ಇಸಿದುಕೊಂಡು, "ಕೈಕಾಲು ತೊಳ್ಕೋ, ತಟ್ಟೆ ಹಾಕ್ತೀನಿ" ಎನ್ನುತ್ತ ಒಳಗೆ ನಡೆದರು. ಅವಳು ಚಪ್ಪಲಿ ಬಿಟ್ಟು, ಗೋಡೆಗೆ ಒಂದು ಕೈ ಕೊಟ್ಟು ಸ್ವಲ್ಪ ಹೊತ್ತು ನಿಂತು, ಆಮೇಲೆ ನಲ್ಲಿಯ ಕಡೆಗೆ ಹೋದಳು.